ಗುಡ್ಡದ ಹಿಂದೆ ಮಾಯವಾದ ಗಾಡಿ: ಬೆಳಗಾವಿಯ ಒಂದು ಮಾದರಿ ರೈಲಿನ ಸಿಗ್ನಲ್ ಪ್ರಕರಣ

ಜುಲೈ ತಿಂಗಳ ಒಂದು ಭಾನುವಾರ ಸಂಜೆ. ಬೆಳಗಾವಿಯ ಒಂದು ಮನೆಯ ಮಾಳಿಗೆ ಕೋಣೆ. ಹಸಿರು ಸಿಗ್ನಲ್ ನೋಡಿ ಹೊರಟ ಪ್ಯಾಸೆಂಜರ್ ಗಾಡಿಯೊಂದು, ಗುಡ್ಡದ ಹಿಂದೆ ನಿಂತಿದ್ದ ಗೂಡ್ಸ್ ಗಾಡಿಗೆ ಹಿಂದಿನಿಂದ ಹೋಗಿ ಹೊಡೆಯಿತು. ಗಾಡಿಗಳು ಅಂಗೈ ಅಗಲದವು, ಗುಡ್ಡ ಥರ್ಮಾಕೋಲಿನದು. ಆದರೆ ಸಿಗ್ನಲ್ ಹೇಳಿದ್ದು ಸುಳ್ಳು, ಅದು ಮಾತ್ರ ನಿಜ. ಆ ಸುಳ್ಳು ಎಲ್ಲಿಂದ ಬಂತು ಎಂದು ಹುಡುಕಿ ಸರಿಪಡಿಸಲು ನಮಗೆ ಆರು ವಾರ ಹಿಡಿಯಿತು. ಡಿಜಿಟಲ್ ಮಾದರಿ ರೈಲಿಗೆ ಸಿಗ್ನಲ್ ಹಾಕಲು ಹೊರಟವರಿಗೆ ಉಪಯೋಗ ಆಗಲಿ ಎಂದು ಎಲ್ಲವನ್ನೂ ಬರೆದಿಡುತ್ತಿದ್ದೇನೆ. ಮನೆಯವರು ಹೆಸರು ಬೇಡ ಎಂದಿದ್ದಾರೆ. ಆದ್ದರಿಂದ ಹಿರಿಯರನ್ನು ಕಾಕಾ ಎಂದೂ ಅವರ ಅಣ್ಣನ ಮಗಳನ್ನು ಸುಮ್ನೆ ಹುಡುಗಿ ಎಂದೂ ಕರೆಯುತ್ತೇನೆ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ.

ಹಿನ್ನೆಲೆ

ಕಾಕಾ ರೈಲ್ವೆಯ ಸಿಗ್ನಲ್ ಖಾತೆಯಲ್ಲಿ ಇಡೀ ಆಯುಷ್ಯ ಕೆಲಸ ಮಾಡಿ ನಿವೃತ್ತರಾದವರು. ರಿಲೇ ರೂಮು, ಪಾಯಿಂಟ್ ಮೋಟಾರು, ಹಳಿಯ ಮೇಲೆ ಗಾಡಿ ಇದೆಯೇ ಎಂದು ತಿಳಿಸುವ ಟ್ರ್ಯಾಕ್ ಸರ್ಕ್ಯೂಟು, ಇವುಗಳ ನಡುವೆಯೇ ಅವರ ಕೂದಲು ಬೆಳ್ಳಗಾಯಿತು. ಹುಡುಗಿ ಎಂಜಿನಿಯರಿಂಗ್ ಮೂರನೇ ವರ್ಷ. ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಪ್ಯಾನೆಲ್ ವೈರಿಂಗ್ ಮಾಡುವವನು. ಕಾಕಾ ನನಗೆ ಹಳೆಯ ಪರಿಚಯ. ಭಾನುವಾರ ಬಂದರೆ ನಾನು ಅವರ ಮಾಳಿಗೆಯಲ್ಲೇ.

ಮೇಜಿನ ಮೇಲಿನ ಮಾದರಿ ಹಳಿಯ ಲೇಔಟು ಎಚ್‌ಒ ಅಳತೆಯದು, ಅಂದರೆ ನಿಜದ 87ರಲ್ಲಿ ಒಂದು ಪಾಲು. ಹಳಿಗಳ ನಡುವಿನ ಅಂತರ 16.5 ಮಿಲಿಮೀಟರ್. ನಮ್ಮ ಬ್ರಾಡ್ ಗೇಜಿನ 1676 ಮಿ.ಮೀ. ಅನ್ನು 87ರಿಂದ ಭಾಗಿಸಿದರೆ 19ರ ಮೇಲೆ ಬರುತ್ತದೆ. ಆದರೆ ಅಂಗಡಿಯಲ್ಲಿ ಸಿಗುವ ಹಳಿ 16.5ರದ್ದೇ, ಅದಕ್ಕೆ ಒಪ್ಪಿಕೊಂಡೆವು. ಖಾನಾಪುರ, ಲೋಂಡಾ ಕಡೆ ಇರುವಂಥ ಒಂದು ಸಣ್ಣ ಸ್ಟೇಷನ್, ಮೂರು ಲೈನು, ಹೊರಗೆ ಸುತ್ತಿ ಬರುವ ಒಂಟಿ ಹಳಿ, ಹಿಂದುಗಡೆ ಒಂದು ಘಾಟ್. ಹಳಿಯನ್ನು ಒಟ್ಟು 8 ಬ್ಲಾಕು, ಅಂದರೆ ಬೇರೆ ಬೇರೆ ತುಂಡು, ಮಾಡಿದ್ದೆವು. 1, 2, 3 ಸ್ಟೇಷನ್ನಿನ ಲೈನುಗಳು. 4 ಮತ್ತು 5 ಎರಡು ತುದಿಯಲ್ಲಿ ಗಾಡಿ ಲೈನು ಬದಲಿಸುವ ಪಾಯಿಂಟುಗಳು. 6, 7, 8 ಹೊರಗಿನ ಹಳಿ. ಇದರಲ್ಲಿ 6ರ ಅರ್ಧ ಮತ್ತು 7 ಪೂರ್ತಿ ಗುಡ್ಡದ ಹಿಂದೆ, ಕಣ್ಣಿಗೆ ಬೀಳುವುದಿಲ್ಲ.

ಡಿಜಿಟಲ್ ಪದ್ಧತಿಯಲ್ಲಿ, ಅಂದರೆ ಡಿಸಿಸಿಯಲ್ಲಿ, ಹಳಿಗೆ ಸದಾ 15 ವೋಲ್ಟ್ ಆಸುಪಾಸು ಕರೆಂಟ್ ಇರುತ್ತದೆ. ಅದು ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಿರುತ್ತದೆ. ಅರ್ಧ ಅಲೆ 58 ಮೈಕ್ರೋಸೆಕೆಂಡ್ ಇದ್ದರೆ ಒಂದು, 100 ಅಥವಾ ಜಾಸ್ತಿ ಇದ್ದರೆ ಸೊನ್ನೆ. ಇಂಜಿನ್ನಿನೊಳಗಿನ ಡಿಕೋಡರ್ ಅದನ್ನು ಓದಿ ತನ್ನ ಪಾಲಿನ ಆಜ್ಞೆಯನ್ನು ಆರಿಸಿಕೊಳ್ಳುತ್ತದೆ. ನಾವು ಆರ್ಡುಯಿನೋ ಮೆಗಾ ಬೋರ್ಡಿನಲ್ಲಿ ಈ ಆಜ್ಞೆ ಕಳಿಸುವ ಡಿಸಿಸಿ-ಇಎಕ್ಸ್ ಹಾಕಿ, ಹಳೆಯ ಲ್ಯಾಪ್‌ಟಾಪಿನಲ್ಲಿ ಸಿಗ್ನಲ್ ನೋಡಿಕೊಳ್ಳುವ ಜೆಎಂಆರ್‌ಐ ತಂತ್ರಾಂಶ ಓಡಿಸಿದೆವು. ಎರಡೂ ಬಿಟ್ಟಿಯಾಗಿ ಸಿಗುತ್ತವೆ.

ಗಾಡಿ ಎಲ್ಲಿದೆ ಎಂದು ತಿಳಿಯಲು ಪ್ರತಿ ಬ್ಲಾಕಿಗೆ ಒಂದು ಸಿಟಿ (ಕರೆಂಟ್ ಟ್ರಾನ್ಸ್‌ಫಾರ್ಮರ್) ಸುರುಳಿ. ಬ್ಲಾಕಿಗೆ ಹೋಗುವ ವೈರು ಈ ಸುರುಳಿಯ ತೂತಿನೊಳಗಿಂದ ಹಾದು ಹೋಗುತ್ತದೆ. ವೈರಿನಲ್ಲಿ ಕರೆಂಟ್ ಹರಿದರೆ ಸುರುಳಿಗೆ ಗೊತ್ತಾಗುತ್ತದೆ, ಬೋರ್ಡು "ಗಾಡಿ ಇದೆ" ಅನ್ನುತ್ತದೆ. ವೈರನ್ನು ತೂತಿನಲ್ಲಿ ಎರಡು ಮೂರು ಸುತ್ತು ಹಾಯಿಸಿದರೆ ಸೂಕ್ಷ್ಮತೆ ಅಷ್ಟೇ ಪಟ್ಟು ಹೆಚ್ಚುತ್ತದೆ. ಬೋರ್ಡಿನ ಮೇಲೆ ಸೂಕ್ಷ್ಮತೆ ಏರಿಸಲು, ಇಳಿಸಲು ತಿರುಗಿಸುವ ಒಂದು ಪುಟ್ಟ ಪ್ರಿಸೆಟ್ ಕೂಡ ಇದೆ. ನಾವು ನಾಲ್ಕು ಸುತ್ತು ಹಾಕಿದ್ದೆವು. ಏಪ್ರಿಲ್‌ನಲ್ಲಿ ಎಲ್ಲವೂ ಗಡಿಯಾರದ ಹಾಗೆ ಓಡಿತು. ಕೆಂಪು, ಹಳದಿ, ಎರಡು ಹಳದಿ, ಹಸಿರು, ನಾಲ್ಕೂ ಬಣ್ಣ ಸರಿಯಾಗಿ ಬೀಳುತ್ತಿದ್ದವು. ಕಾಕಾ ಸ್ಟೂಲ್ ಹಾಕಿಕೊಂಡು ಕೂತು ಬರೀ ಸಿಗ್ನಲ್ ನೋಡುತ್ತಿದ್ದರು, ಗಾಡಿಯನ್ನಲ್ಲ.

ಮಳೆ ಬಂತು

ಬೆಳಗಾವಿಯ ಮಳೆ ಗೊತ್ತಿದ್ದವರಿಗೆ ಮುಂದಿನದು ಹೇಳಬೇಕಿಲ್ಲ. ಜೂನ್ ಎರಡನೇ ವಾರಕ್ಕೆ ಮಾಳಿಗೆಯ ಗೋಡೆ ಬೆವರತೊಡಗಿತು. ಒಂದು ಬೆಳಿಗ್ಗೆ ಸ್ವಿಚ್ ಹಾಕಿದರೆ 4, 6, 8 ಮೂರೂ ಬ್ಲಾಕಿನಲ್ಲಿ "ಗಾಡಿ ಇದೆ". ಹಳಿಯ ಮೇಲೆ ಒಂದು ಚಕ್ರವೂ ಇರಲಿಲ್ಲ. ಸ್ಟೇಷನ್ನಿನ ಎಲ್ಲ ಸಿಗ್ನಲ್ಲೂ ಕೆಂಪು. ಮಧ್ಯಾಹ್ನ ಬಿಸಿಲು ಬಿದ್ದ ಮೇಲೆ ಒಂದೊಂದಾಗಿ ಬಿಟ್ಟಿತು.

ಕಾಕಾಗೆ ಇದು ಹೊಸದೇನಲ್ಲ. "ಮಳಿಗಾಲದಾಗ ಟ್ರ್ಯಾಕ್ ಫೇಲ್ ಆಗೂದು ದಿನಾ ಇದ್ದದ್ದೇವಾ. ಜಲ್ಲಿ ನೆನೀತು ಅಂದ್ರ ಕರೆಂಟ್ ಸೋರತೈತಿ" ಎಂದರು. ಅದು ಸರಿಯಾದ ಮಾತೇ. ನಿಜವಾದ ರೈಲಿನಲ್ಲೂ ನೆನೆದ ಜಲ್ಲಿಯಿಂದ ಕೆಂಪು ಬೀಳುತ್ತದೆ. ಆದರೆ ಎರಡೂ ಕಡೆ ಕೆಂಪು ಬೀಳುವ ಕಾರಣ ಬೇರೆ ಬೇರೆ. ಆ ಹೊತ್ತಿಗೆ ನಮ್ಮಲ್ಲಿ ಯಾರೂ ಅದನ್ನು ಕೂತು ಯೋಚಿಸಲಿಲ್ಲ. ನನ್ನ ಪ್ರಕಾರ ಇಡೀ ಪ್ರಕರಣದ ಬೇರು ಅಲ್ಲೇ ಇದೆ.

ಹುಡುಗಿ ಕೇಳಿದಳು, "ಕಾಕಾ, ಸುತ್ತು ಕಡಿಮಿ ಮಾಡೂಣೇನ್ರಿ?" ನಾನೂ ಹೂಂ ಅಂದೆ. ನಾಲ್ಕು ಸುತ್ತು ಒಂದಾಯಿತು. ಪ್ರಿಸೆಟ್ಟನ್ನೂ ಹಿಂದಕ್ಕೆ ತಿರುಗಿಸಿದೆವು. ಸುಳ್ಳು ಕೆಂಪು ಹೋಯಿತು. ಇಂಜಿನ್ ಇಟ್ಟರೆ ಬ್ಲಾಕು ಸರಿಯಾಗಿ ತೋರಿಸುತ್ತಿತ್ತು. ಸಮಸ್ಯೆ ಮುಗಿಯಿತು ಎಂದುಕೊಂಡೆವು. ಅದರ ಜೊತೆ ನಾವು ಏನನ್ನು ಕಳೆದುಕೊಂಡೆವು ಎಂದು ಪರೀಕ್ಷೆ ಮಾಡಲಿಲ್ಲ. ದೀಪ ಹಚ್ಚಿದ ಬೋಗಿಗಳು ಮೊದಲು ಕಾಣುತ್ತಿದ್ದವು, ಈಗ ಕಾಣುತ್ತಿರಲಿಲ್ಲ. ಗೂಡ್ಸ್ ಡಬ್ಬಿಗಳು ಮೊದಲಿನಿಂದಲೂ ಕಾಣುತ್ತಿರಲಿಲ್ಲ, ಯಾಕೆಂದರೆ ಅವು ಕರೆಂಟನ್ನೇ ಎಳೆಯುವುದಿಲ್ಲ.

ಆ ಭಾನುವಾರ

ಗೂಡ್ಸ್ ಗಾಡಿ ಮೊದಲು ಹೊರಟಿತು. ಒಂದು ಇಂಜಿನ್, ಏಳು ಡಬ್ಬಿ, ಕೊನೆಗೆ ಗಾರ್ಡಿನ ಬ್ರೇಕ್ ವ್ಯಾನು. ಆ ಬ್ರೇಕ್ ವ್ಯಾನು ಕಾಕಾ ಕೈಯಾರೆ ಮಾಡಿದ್ದು. ಪ್ಲಾಸ್ಟಿಕ್ ಹಾಳೆ ಕತ್ತರಿಸಿ, ಹಿತ್ತಾಳೆ ತಂತಿಯ ಕಂಬಿ ಬೆಸೆದು, ಎರಡು ತಿಂಗಳು ಕೂತು ಮಾಡಿದ್ದು. ಗಾಡಿ ಗುಡ್ಡದ ಹಿಂದೆ ಹೋಯಿತು. ಪರದೆಯ ಮೇಲೆ 6 ಕೆಂಪಾಯಿತು, ಆಮೇಲೆ ಬಿಳಿ, ಅಂದರೆ ಖಾಲಿ, ಆಯಿತು. 7 ಬಿಳಿಯಾಗಿಯೇ ಇತ್ತು. ಸ್ಟೇಷನ್ನಿನಿಂದ ಹೊರಡಲು ಬಿಡುವ ಸ್ಟಾರ್ಟರ್ ಸಿಗ್ನಲ್ ಹಸಿರಾಯಿತು. ಹುಡುಗಿ ಮೊಬೈಲಿನಿಂದ ಪ್ಯಾಸೆಂಜರ್ ಬಿಟ್ಟಳು.

"ಗೂಡ್ಸ್ ಎಲ್ಲಿ ಹೋತು?" ಎಂದು ಕಾಕಾ ಕೇಳಿದ್ದು ನನಗೆ ಚೆನ್ನಾಗಿ ನೆನಪಿದೆ. ಪರದೆಯಲ್ಲಿ ಆ ಗಾಡಿ ಯಾವ ಬ್ಲಾಕಿನಲ್ಲೂ ಇರಲಿಲ್ಲ. ಅವರ ಮಾತು ಮುಗಿಯುವಷ್ಟರಲ್ಲಿ ಗುಡ್ಡದ ಹಿಂದೆ ಟಪ್ ಎಂದಿತು. ಬ್ರೇಕ್ ವ್ಯಾನು ನೆಲಕ್ಕೆ ಬಿದ್ದು ಉರುಳಿತು. ಹಿಂದಿನ ಕಟ್ಟೆ ಮುರಿದು ಎರಡಾಗಿತ್ತು.

ಹೋಗಿ ನೋಡಿದಾಗ ಕಂಡದ್ದು ಇಷ್ಟು. 7ನೇ ಬ್ಲಾಕಿನ ವೈರು ಹಳಿಗೆ ಸೇರುವಲ್ಲಿ ಬೆಸುಗೆ ಬಿಟ್ಟಿತ್ತು. ಅಲ್ಲಿ ಹಸಿರು ಕಿಲುಬು ಹಿಡಿದಿತ್ತು. ಬ್ಲಾಕಿನಲ್ಲಿ ಕರೆಂಟೇ ಇಲ್ಲ. ಗೂಡ್ಸ್ ಇಂಜಿನ್ ಗಡಿ ದಾಟಿ, ಅದರ ಹಿಂದಿನ ಚಕ್ರಗಳೂ 7ರೊಳಗೆ ಬಂದ ಕೂಡಲೇ ನಿಂತುಬಿಟ್ಟಿತ್ತು. ನಿಂತ ಇಂಜಿನ್ ಕರೆಂಟ್ ಎಳೆಯುತ್ತಿಲ್ಲ, ಆದ್ದರಿಂದ 7 ಖಾಲಿ ಎಂದು ತೋರಿತು. ಡಬ್ಬಿಗಳೆಲ್ಲ ಇನ್ನೂ 6ರಲ್ಲೇ ಇದ್ದವು. ಅವು ಯಾವತ್ತೂ ಕರೆಂಟ್ ಎಳೆಯುವುದಿಲ್ಲ, ಆದ್ದರಿಂದ 6 ಕೂಡ ಖಾಲಿ. ಹಳಿಯ ಮೇಲೆ ಇಡೀ ಗಾಡಿ ಇದ್ದೂ ಪರದೆಯ ಮೇಲೆ ಇರಲಿಲ್ಲ.

ಕಾಕಾ ಮುರಿದ ತುಂಡು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಹೇಳಿದರು: "ನಮ್ಮ ಟ್ರ್ಯಾಕ್ ಸರ್ಕ್ಯೂಟದಾಗ ವೈರ್ ಹರೀತಂದ್ರ ಕೆಂಪು ಬೀಳತೈತಿ. ಇದರಾಗ ವೈರ್ ಹರೀತಂದ್ರ ಹಸಿರು ಬೀಳತೈತಿ. ಇದು ಪೂರಾ ಉಲ್ಟಾ ಐತಲ್ಲಾ."

ಪ್ರಕರಣ ತಿರುಗಿದ್ದು ಈ ಮಾತಿನಿಂದ. 1872ರಲ್ಲಿ ಅಮೆರಿಕದ ವಿಲಿಯಂ ರಾಬಿನ್ಸನ್ ಪೇಟೆಂಟ್ ಪಡೆದ ಟ್ರ್ಯಾಕ್ ಸರ್ಕ್ಯೂಟಿನ ಜಾಣತನವೇ ಅದು. ಹಳಿಯ ಒಂದು ತುದಿಯಲ್ಲಿ ಬ್ಯಾಟರಿ, ಇನ್ನೊಂದು ತುದಿಯಲ್ಲಿ ರಿಲೇ, ಅಂದರೆ ಕರೆಂಟಿನಿಂದ ಆಡುವ ಸ್ವಿಚ್ಚು. ಹಳಿ ಖಾಲಿ ಇದ್ದಾಗ ಕರೆಂಟ್ ಹರಿದು ರಿಲೇ ಎತ್ತಿಕೊಂಡಿರುತ್ತದೆ. ಗಾಡಿ ಬಂದರೆ ಚಕ್ರಗಳು ಎರಡು ಹಳಿಯನ್ನು ಕೂಡಿಸುತ್ತವೆ, ರಿಲೇ ಬೀಳುತ್ತದೆ, ಕೆಂಪು. ವೈರ್ ಹರಿದರೂ, ಬ್ಯಾಟರಿ ಸತ್ತರೂ, ಹಳಿ ಮುರಿದರೂ, ಜಲ್ಲಿಯಲ್ಲಿ ಕರೆಂಟ್ ಸೋರಿದರೂ ರಿಲೇ ಬೀಳುತ್ತದೆ. ಈ ಎಲ್ಲ ತಪ್ಪೂ ಕೆಂಪಿನ ಕಡೆಗೇ ವಾಲುತ್ತದೆ. ನಮ್ಮ ಸಿಟಿ ಸುರುಳಿಯಲ್ಲಿ ಕರೆಂಟ್ ಹರಿದರೆ ಮಾತ್ರ ಗಾಡಿ ಇದೆ ಎಂದರ್ಥ. ಸೋರಿಕೆ ಕೆಂಪು ತೋರಿಸುತ್ತದೆ, ಆದರೆ ವೈರ್ ಹರಿದರೆ, ಕರೆಂಟ್ ಹೋದರೆ ತಪ್ಪು ಹಸಿರಿನ ಕಡೆಗೆ ಹೋಗುತ್ತದೆ. ಮಳೆಯಲ್ಲಿ ಎರಡೂ ಒಂದೇ ಥರ ಕಂಡಿದ್ದರಿಂದ, ಒಳಗೂ ಒಂದೇ ಥರ ಇರಬೇಕು ಎಂದು ಕಾಕಾ ನಂಬಿದ್ದರು. ಅವರನ್ನು ನೋಡಿ ನಾವೂ ನಂಬಿದ್ದೆವು.

ಏನೇನು ಮಾಡಿದೆವು

ಮೊದಲು ಒಂದು ತೀರ್ಮಾನ ಆಯಿತು. ಸುಳ್ಳು ಕೆಂಪು ಬಿದ್ದರೆ ಬೇಜಾರು, ಸುಳ್ಳು ಹಸಿರು ಬಿದ್ದರೆ ಡಿಕ್ಕಿ. ಇನ್ನು ಮುಂದೆ ಯಾವ ಬದಲಾವಣೆ ಮಾಡಿದರೂ ಅದು ಯಾವ ಕಡೆ ವಾಲುತ್ತದೆ ಎಂದು ಕೇಳಿಕೊಂಡೇ ಮಾಡಬೇಕು. ಕಾಕಾ ಒಂದು ರಟ್ಟಿನ ಮೇಲೆ "ಗೊತ್ತಿಲ್ಲ ಅಂದರೆ ಕೆಂಪು" ಎಂದು ಬರೆದು ಗೋಡೆಗೆ ಹೊಡೆದರು.

ಆಮೇಲೆ ಡಬ್ಬಿಗಳನ್ನು ಕಾಣುವಂತೆ ಮಾಡುವ ಕೆಲಸ. ಎಚ್‌ಒ ಡಬ್ಬಿಯ ಲೋಹದ ಚಕ್ರ ಜೋಡಿಯಲ್ಲಿ ಒಂದು ಚಕ್ರಕ್ಕೂ ಅಚ್ಚಿಗೂ ನಡುವೆ ಪ್ಲಾಸ್ಟಿಕ್ ಬುಶ್ ಇರುತ್ತದೆ. ಇಲ್ಲದಿದ್ದರೆ ಹಳಿ ಶಾರ್ಟ್ ಆಗುತ್ತದೆ. ಆ ಬುಶ್ಶನ್ನು ದಾಟುವ ಹಾಗೆ 10 ಕಿಲೋಓಮ್‌ನ ಅಕ್ಕಿಕಾಳಿಗಿಂತ ಚಿಕ್ಕ ರೆಸಿಸ್ಟರ್ ಅಂಟಿಸಿ, ಎರಡು ತುದಿಗೂ ಬೆಳ್ಳಿ ಬಣ್ಣದ ವಾಹಕ ಪೇಂಟ್ ಹಚ್ಚಬೇಕು. 15 ವೋಲ್ಟಿಗೆ ಒಂದೂವರೆ ಮಿಲಿಆಂಪ್ ಎಳೆಯುತ್ತದೆ. ರೆಸಿಸ್ಟರಿಗೆ ಬೀಳುವ ಭಾರ 22 ಮಿಲಿವ್ಯಾಟ್, ಬಿಸಿಯೇ ಆಗುವುದಿಲ್ಲ. ಜಾಸ್ತಿ ಕರೆಂಟ್ ಸಿಗಲಿ ಎಂದು 1 ಕಿಲೋಓಮ್ ಹಾಕಲು ಹೋಗಬೇಡಿ. ಆಗ ಭಾರ ಹತ್ತು ಪಟ್ಟು ಏರಿ 225 ಮಿಲಿವ್ಯಾಟ್ ಆಗುತ್ತದೆ, ಪುಟ್ಟ ರೆಸಿಸ್ಟರು ಅದನ್ನು ತಡೆಯುವುದಿಲ್ಲ, ಪ್ಲಾಸ್ಟಿಕ್ ಬುಶ್ಶೂ ಕರಗೀತು.

ನಮ್ಮ ಮೊದಲ ಕಂತು ಕೆಟ್ಟಿತು. ಅಂಟು ಒಣಗುವ ಮೊದಲೇ ಪೇಂಟ್ ಹಚ್ಚಿದ್ದೆವು, ಅದು ಬಿರುಕು ಬಿಟ್ಟಿತು. ಮೀಟರ್ ಹಚ್ಚಿದರೆ ಅರ್ಧದಷ್ಟು ಚಕ್ರಗಳಲ್ಲಿ ಏನೂ ಬರಲಿಲ್ಲ. ಎರಡನೇ ಸಲ ಒಂದು ರಾತ್ರಿ ಬಿಟ್ಟು ಹಚ್ಚಿದೆವು, ಪ್ರತಿ ಚಕ್ರವನ್ನೂ ತಿರುಗಿಸುತ್ತಾ ಅಳೆದೆವು. ಎಲ್ಲಿಂದ ಶುರು ಮಾಡುವುದು ಎಂಬ ಪ್ರಶ್ನೆಗೆ ಕಾಕಾ ಉತ್ತರ ಅವರ ನೌಕರಿಯಿಂದಲೇ ಬಂತು. ಗಾಡಿಯ ಕೊನೆಯ ಡಬ್ಬಿಗೆ ಎಲ್‌ವಿ (ಲಾಸ್ಟ್ ವೆಹಿಕಲ್) ಬೋರ್ಡು ಇರುತ್ತದೆ, ಅಲ್ವಾ? ಅದನ್ನು ಕಣ್ಣಿಂದ ನೋಡಿದ ಮೇಲೆಯೇ ಗಾಡಿ ಪೂರ್ತಿ ಬಂತು ಎಂದು ಸ್ಟೇಷನ್ನಿನವರು ಒಪ್ಪುವುದು. ಹಾಗೆಯೇ ಮೊದಲು ಪ್ರತಿ ಗಾಡಿಯ ಕೊನೆಯ ಡಬ್ಬಿಗೆ ಎರಡು ಅಚ್ಚು, ಆಮೇಲೆ ಉಳಿದವಕ್ಕೆ ಒಂದೊಂದು.

ಇನ್ನು ಸೋರಿಕೆ. ಹಳಿಯ ಕರೆಂಟ್ ಸೆಕೆಂಡಿಗೆ ಸಾವಿರಾರು ಸಲ ದಿಕ್ಕು ಬದಲಿಸುವುದರಿಂದ ಸಾದಾ ಮಲ್ಟಿಮೀಟರ್ ಅದನ್ನು ನಂಬುವ ಹಾಗೆ ಅಳೆಯುವುದಿಲ್ಲ. ಆದ್ದರಿಂದ ಕರೆಂಟ್ ಬಂದ್ ಮಾಡಿ, ಬ್ಲಾಕಿನ ವೈರು ಬಿಚ್ಚಿ, ಎರಡು ಹಳಿಯ ನಡುವಿನ ರೆಸಿಸ್ಟೆನ್ಸ್ ನೋಡಿದೆವು. ಮಳೆಯ ಬೆಳಿಗ್ಗೆ 8ನೇ ಬ್ಲಾಕು ಬರೀ 14 ಕಿಲೋಓಮ್ ತೋರಿಸಿತು. ಅಂದರೆ ಹೆಚ್ಚುಕಡಿಮೆ ಒಂದು ಡಬ್ಬಿಯಷ್ಟೇ ಕರೆಂಟ್! ಸುತ್ತು ಎಷ್ಟು ಹಾಕಿದರೂ, ಪ್ರಿಸೆಟ್ ಎಷ್ಟು ತಿರುಗಿಸಿದರೂ ಒದ್ದೆ ಜಲ್ಲಿಗೂ ಡಬ್ಬಿಗೂ ವ್ಯತ್ಯಾಸ ತಿಳಿಯುವ ದಾರಿಯೇ ಅಲ್ಲಿರಲಿಲ್ಲ. ಒಂದನ್ನು ಮುಚ್ಚಲು ಹೋದರೆ ಇನ್ನೊಂದು ಬಾಯಿ ಬಿಡುತ್ತದೆ. ಮೊದಲು ಸೋರಿಕೆಯನ್ನೇ ಇಳಿಸಬೇಕು, ಆಮೇಲೆ ಪ್ರಿಸೆಟ್ಟಿಗೆ ಕೈ ಹಾಕಬೇಕು. ಜೂನ್‌ನಲ್ಲಿ ನಾವು ಇದನ್ನು ತಿರುಗಾಮುರುಗಾ ಮಾಡಿದ್ದೆವು.

ಜಲ್ಲಿ ಕ್ರಷರಿನ ಕಪ್ಪು ಕಲ್ಲಿನ ಪುಡಿ, ನೀರು ಬೆರೆಸಿದ ಬಿಳಿ ಅಂಟಿನಲ್ಲಿ ಕೂರಿಸಿದ್ದು. ಆ ಅಂಟು ಒಣಗಿದ ಮೇಲೂ ತೇವ ಹೀರಿಕೊಳ್ಳುತ್ತದೆ. ಹಳಿಯ ಬುಡಕ್ಕೆ, ಪಕ್ಕಕ್ಕೆ ಏರಿ ಕೂತಿದ್ದ ಜಲ್ಲಿಯನ್ನೆಲ್ಲ ಹಲ್ಲಿನ ವೈದ್ಯರು ಬಳಸುವಂಥ ಕೊಕ್ಕೆಯಿಂದ ಕೆರೆದು ತೆಗೆದೆವು. ಜಲ್ಲಿ ಈಗ ಸ್ಲೀಪರ್ ಮಟ್ಟಕ್ಕಿಂತ ಕೆಳಗೆ, ಹಳಿಗೆ ಎಲ್ಲೂ ತಾಗುವುದಿಲ್ಲ. ಪ್ಲೈವುಡ್ಡಿನ ಅಡಿಗೆ ಎರಡು ಕೋಟು ವಾರ್ನಿಶ್. ಆಗ ಹುಡುಗಿ ಒಂದು ಪ್ಲಾಸ್ಟಿಕ್ ಚೀಲದಲ್ಲಿ ಅಯಸ್ಕಾಂತ ಕಟ್ಟಿ ಹಳಿಯುದ್ದಕ್ಕೂ ಎಳೆದಳು. ಚೀಲಕ್ಕೆ ಕಪ್ಪು ಮೀಸೆ ಬೆಳೆದ ಹಾಗೆ ಪುಡಿ ಹತ್ತಿಕೊಂಡಿತು. ನಮ್ಮ ಕಡೆಯ ಕಪ್ಪು ಕಲ್ಲಿನಲ್ಲಿ ಅಯಸ್ಕಾಂತಕ್ಕೆ ಅಂಟುವ ಕಬ್ಬಿಣದ ಅಂಶ ಇರುತ್ತದೆ. ಸೋರಿಕೆಗೆ ಇದು ಕಾರಣ ಅಲ್ಲ. ಆದರೆ ಇಂಜಿನ್ ಮೋಟಾರಿನೊಳಗೆ ಹೋದರೆ ಮೋಟಾರೇ ಹಾಳು. ಜಲ್ಲಿ ಹಾಕುವ ಮೊದಲೇ ಅಯಸ್ಕಾಂತ ಆಡಿಸಿಕೊಳ್ಳಿ.

ಇಷ್ಟಾದ ಮೇಲೂ 6ನೇ ಬ್ಲಾಕು ಬಿಡಲಿಲ್ಲ. ಅಳೆದರೆ 100 ಕಿಲೋಓಮ್‌ಗಿಂತ ಜಾಸ್ತಿ, ಆದರೂ ಕೆಂಪು. ಹಳಿಯಿಂದ ವೈರನ್ನೇ ಕಿತ್ತು ಗಾಳಿಯಲ್ಲಿ ಬಿಟ್ಟೆ. ಆಗಲೂ ಕೆಂಪು! ಅಂದರೆ ತಪ್ಪು ಹಳಿಯದ್ದಲ್ಲ, ವೈರಿನದ್ದು. ಸುರುಳಿಯಿಂದ ಹಳಿಗೆ 5 ಮೀಟರ್ ವೈರು, ಅದೂ ಮುಖ್ಯ ವೈರುಗಳ ಜೊತೆ ಒಂದೇ ಕಟ್ಟಿನಲ್ಲಿ ಬಿಗಿಯಾಗಿ ಕಟ್ಟಿದ್ದು. ಕಟ್ಟಿದ್ದು ನಾನೇ. ಕಾರ್ಖಾನೆಯಲ್ಲಿ ಹಾಗೆ ನೀಟಾಗಿ ಕಟ್ಟಿ ರೂಢಿ. ಇಷ್ಟು ಬೇಗ ದಿಕ್ಕು ಬದಲಿಸುವ ಕರೆಂಟಿಗೆ ಅಕ್ಕಪಕ್ಕದ ಎರಡು ಉದ್ದ ವೈರು ಕೆಪಾಸಿಟರಿನ ಹಾಗೆ ಕೆಲಸ ಮಾಡುತ್ತವೆ, ಸುರುಳಿಗೆ ಅದೂ ಕರೆಂಟೇ. ಸುರುಳಿಯನ್ನು ಬಿಚ್ಚಿ ಬ್ಲಾಕಿನ ಅಡಿಯಲ್ಲೇ ಕೂರಿಸಿದೆ. ಹಳಿಗೆ ಈಗ ಒಂದು ಗೇಣು ವೈರು. ಕೆಂಪು ಹೋಯಿತು.

ಆಮೇಲೆ ಪ್ರಿಸೆಟ್. ಇಲ್ಲಿಯೂ ದಾರಿ ತೋರಿಸಿದವರು ಕಾಕಾ. ನಿಜವಾದ ಟ್ರ್ಯಾಕ್ ಸರ್ಕ್ಯೂಟಿನಲ್ಲಿ ಹಳಿಗಳ ಮೇಲೆ ಅರ್ಧ ಓಮ್‌ನ ರೆಸಿಸ್ಟೆನ್ಸ್ ಇಟ್ಟು ರಿಲೇ ಬೀಳುತ್ತದೆಯೇ ಎಂದು ನೋಡುತ್ತಾರೆ. ನಾವು ಎರಡು ರೆಸಿಸ್ಟರನ್ನು ಬಿದಿರ ಕಡ್ಡಿಗೆ ಕಟ್ಟಿದೆವು. 10 ಕಿಲೋಓಮ್‌ನದು ಇಟ್ಟರೆ ಕೆಂಪು ಬೀಳಲೇಬೇಕು. 47 ಕಿಲೋಓಮ್‌ನದು ಇಟ್ಟರೆ ಬೀಳಬಾರದು. ಮೂರು ಸುತ್ತು ಹಾಕಿ ಎಂಟೂ ಬ್ಲಾಕಿಗೆ ಪ್ರಿಸೆಟ್ ಹೀಗೇ ಕೂರಿಸಿದೆವು. ಅಂದಾಜಿನಿಂದ ತಿರುಗಿಸುವುದು ಅಲ್ಲಿಗೆ ನಿಂತಿತು.

ಉಳಿದದ್ದು ಹುಡುಗಿಯ ಪಾಲು. ಜೆಎಂಆರ್‌ಐಯಲ್ಲಿ ಗಾಡಿ ಬಂತು ಎಂಬುದನ್ನು ತಕ್ಷಣ ನಂಬುವಂತೆ, ಹೋಯಿತು ಎಂಬುದನ್ನು ಎರಡೂವರೆ ಸೆಕೆಂಡ್ ತಡೆದು ನಂಬುವಂತೆ ಮಾಡಿದಳು. ಕೊಳೆ ಚಕ್ರದಿಂದ ಸಿಗ್ನಲ್ ಮಿಣಮಿಣ ಅನ್ನುವುದು ನಿಂತಿತು. ಆಮೇಲೆ ಒಂದು ಸಣ್ಣ ಪ್ರೋಗ್ರಾಂ: ಮುಂದಿನ ಬ್ಲಾಕು ಕೆಂಪಾಗದೆ ಹಿಂದಿನ ಬ್ಲಾಕು ಖಾಲಿ ಆಗುವಂತಿಲ್ಲ. ಗಾಡಿ ಮಾಯ ಆಗುವುದಿಲ್ಲ, ಅಲ್ವಾ? ಆ ಭಾನುವಾರ ಈ ನಿಯಮ ಒಂದೇ ಇದ್ದಿದ್ದರೂ 6 ಕೆಂಪಾಗಿಯೇ ಉಳಿಯುತ್ತಿತ್ತು.

ಇದರ ಪರೀಕ್ಷೆ ಮಾಡುವಾಗಲೇ ಇನ್ನೊಂದು ತೂತು ಕಂಡಿತು. ಎಲ್ಲೋ ಶಾರ್ಟ್ ಆಗಿ ಹಳಿಯ ಕರೆಂಟ್ ಟ್ರಿಪ್ ಆದರೆ ಎಂಟೂ ಬ್ಲಾಕು ಒಟ್ಟಿಗೆ "ಖಾಲಿ" ಅನ್ನುತ್ತವೆ. ಅದಕ್ಕೆ ಒಂಬತ್ತನೇ ಸುರುಳಿ ಹಾಕಿ, ಅದಕ್ಕೆ ಹಳಿಯ ಬದಲು ಒಂದು ಕಾಯಂ ರೆಸಿಸ್ಟರ್ ಕೊಟ್ಟೆವು. ಅದು ಸದಾ "ಗಾಡಿ ಇದೆ" ಅನ್ನುತ್ತಿರಬೇಕು. ಅದು ಖಾಲಿ ಅಂದರೆ ಹಳಿಯಲ್ಲಿ ಕರೆಂಟಿಲ್ಲ, ಉಳಿದವರ ಮಾತು ನಂಬಬೇಡ, ಎಲ್ಲ ಸಿಗ್ನಲ್ಲೂ ಕೆಂಪು. ಕಾಕಾ ಅದಕ್ಕೆ ಸಾಕ್ಷಿ ಎಂದು ಹೆಸರಿಟ್ಟರು.

ಫಲ

ಗಾಡಿ ಮಾಯ ಆಗುವಂತಿಲ್ಲ ಎಂಬ ನಿಯಮಕ್ಕೆ ಒಂದು ಬೆಲೆ ಇದೆ. ಯಾರಾದರೂ ಕೈಯಿಂದ ಡಬ್ಬಿ ಎತ್ತಿದರೆ ಆ ಬ್ಲಾಕು ಕೆಂಪಾಗಿ ಸಿಕ್ಕಿಕೊಳ್ಳುತ್ತದೆ. ಅಚ್ಚು ಎಣಿಸಿ ಗಾಡಿ ಗುರುತಿಸುವ ಆಕ್ಸಲ್ ಕೌಂಟರ್ ಇರುವ ನಿಜವಾದ ಸ್ಟೇಷನ್ನಿನಲ್ಲೂ ರೀಸೆಟ್ ಮಾಡಲು ಒಂದು ಕ್ರಮ ಇದೆ, ಸುಮ್ನೆ ಗುಂಡಿ ಒತ್ತುವಂತಿಲ್ಲ. ಹುಡುಗಿ ಪರದೆಯ ಮೇಲೆ ಗುಂಡಿ ಇಡೋಣ ಅಂದಳು. ಕಾಕಾ ಒಪ್ಪಲಿಲ್ಲ. ಗುಡ್ಡದ ಹಿಂದಿನ ಗೋಡೆಗೆ ಒಂದು ಕೀಲಿ ಸ್ವಿಚ್ ಕೂರಿಸಿದರು. ರೀಸೆಟ್ ಮಾಡಬೇಕು ಅಂದರೆ ಎದ್ದು ಅಲ್ಲಿಗೇ ಹೋಗಬೇಕು, ಹೋದರೆ ಹಳಿ ಕಣ್ಣಿಗೆ ಬೀಳುತ್ತದೆ. ಇಡೀ ಲೇಔಟಿನಲ್ಲಿ ನನಗೆ ಬಹಳ ಇಷ್ಟವಾದ ಕೆಲಸ ಇದು.

ಹರಿದ ವೈರನ್ನು ತಾನಾಗಿ ಕಂಡುಹಿಡಿಯುವ ಉಪಾಯ ಇನ್ನೂ ನಮ್ಮ ಹತ್ತಿರ ಇಲ್ಲ. ಅದಕ್ಕೆ ಆಟ ಶುರು ಮಾಡುವ ಮೊದಲು ರೆಸಿಸ್ಟರ್ ಚಕ್ರದ ಒಂದು ಡಬ್ಬಿಯನ್ನು ಕೈಯಿಂದ ಎಂಟೂ ಬ್ಲಾಕಿನಲ್ಲಿ ತಳ್ಳಿಕೊಂಡು ಹೋಗುತ್ತೇವೆ. ರೈಲ್ವೆಯ ಪುಶ್ ಟ್ರಾಲಿಯ ಹಾಗೆ. ಐದು ನಿಮಿಷದ ಕೆಲಸ. ಕಾಕಾ ಇದನ್ನು ಒಂದು ದಿನವೂ ತಪ್ಪಿಸಿಲ್ಲ.

ಗಣೇಶನ ಹಬ್ಬಕ್ಕೆ ಓಣಿಯ ಮಕ್ಕಳಿಗೆ ಮೂರು ದಿನ ಗಾಡಿ ಓಡಿಸಿ ತೋರಿಸಿದೆವು. ಹೊರಗೆ ಮಳೆ ಹಿಡಿದೇ ಇತ್ತು. ಎರಡು ಸಲ ಸುಳ್ಳು ಕೆಂಪು ಬಿತ್ತು, ಎರಡೂ ಬೆಳಿಗ್ಗೆ, ಎರಡೂ 8ನೇ ಬ್ಲಾಕಿನಲ್ಲಿ. ಸುಳ್ಳು ಹಸಿರು ಒಂದೂ ಇಲ್ಲ. ಸ್ಟಾರ್ಟರ್ ಸಿಗ್ನಲ್ಲಿನ ಮುಂದೆ ನಿಜದ ಲೆಕ್ಕದಂತೆ 120 ಮೀಟರ್ ಓವರ್‌ಲ್ಯಾಪ್, ಅಂದರೆ ಗಾಡಿ ತಪ್ಪಿ ಮುಂದೆ ಹೋದರೂ ಇರಲಿ ಎಂದು ಬಿಡುವ ಖಾಲಿ ಹಳಿ, ಬೇಕು ಎಂಬ ಕಾಕಾ ಆಸೆ ಮಾತ್ರ ಈಡೇರಲಿಲ್ಲ. 87ರಿಂದ ಭಾಗಿಸಿದರೂ ಅದು 1 ಮೀಟರ್ 38 ಸೆಂಟಿಮೀಟರ್ ಆಗುತ್ತದೆ, ಮೇಜಿನಲ್ಲಿ ಜಾಗ ಇಲ್ಲ. 30 ಸೆಂಟಿಮೀಟರಿಗೆ ರಾಜಿಯಾದರು.

ಬ್ರೇಕ್ ವ್ಯಾನಿನ ಕಟ್ಟೆ ಅಂಟಿಸಿ ಆಗಿದೆ, ಅದರ ಎರಡೂ ಅಚ್ಚಿಗೆ ರೆಸಿಸ್ಟರ್ ಇದೆ. ಪ್ಲಾಸ್ಟಿಕ್ ಚಕ್ರದ ನಾಲ್ಕು ಹಳೆಯ ಡಬ್ಬಿಗಳು ಮಾತ್ರ ಬಾಕಿ. ಅವುಗಳಿಗೆ ಲೋಹದ ಚಕ್ರ ತರಿಸಬೇಕು, ಇನ್ನೂ ಬಂದಿಲ್ಲ. ಅಲ್ಲಿಯವರೆಗೆ ಅವು 3ನೇ ಲೈನಿನಲ್ಲಿ ನಿಂತಿರುತ್ತವೆ, ಆ ಲೈನಿನ ಗುಂಡಿಯ ಮೇಲೆ, ಒತ್ತಬಾರದು ಎಂದು ನೆನಪಿಸಲು, ಕಾಕಾ ಹಾಕಿದ ಕೆಂಪು ಕಾಲರ್ ಇರುತ್ತದೆ.